ಲೇಸರಿಗೆ ಗಾಳಿ ಕಾಣುವುದಿಲ್ಲ

ವಿಂಡ್ ಟನಲ್, ಅಂದರೆ ಫ್ಯಾನಿನಿಂದ ಗಾಳಿ ಹರಿಸಿ ಪರೀಕ್ಷೆ ಮಾಡುವ ಸುರಂಗದ ಒಳಗೆ, ಗಾಳಿಗೆ ಅಡ್ಡಲಾಗಿ ಒಂದು ಸಿಲಿಂಡರ್ ಇಟ್ಟರೆ ಅದರ ಹಿಂದೆ ಸುಳಿಗಳು ಏಳುತ್ತವೆ. ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ಸರದಿ ತಪ್ಪದೆ. ಇದು ನೂರು ವರ್ಷಕ್ಕೂ ಹಳೆಯ ವಿಷಯ. ಎಲ್ಲರೂ ಓದಿರುತ್ತಾರೆ, ಎಲ್ಲರೂ ಚಿತ್ರ ನೋಡಿರುತ್ತಾರೆ. ಆದರೆ ಸಿಲಿಂಡರಿನ ಬೆನ್ನ ಹಿಂದೆಯೇ ಒಂದಷ್ಟು ಜಾಗ ಇದೆ. ಅಲ್ಲಿ ಗಾಳಿ ಒಂದು ಕ್ಷಣ ಮುಂದಕ್ಕೆ ಹರಿಯುತ್ತದೆ, ಇನ್ನೊಂದು ಕ್ಷಣ ವಾಪಸ್ ಬರುತ್ತದೆ. ನನ್ನ ಪಾಲಿಗೆ ಬಂದದ್ದು ಆ ಜಾಗವನ್ನು ಅಳೆಯುವ ಕೆಲಸ.

ಸಿಲಿಂಡರಿನ ವ್ಯಾಸ 20 ಮಿ.ಮೀ. ಅದನ್ನು ಇಡುವ ಟನಲ್ ಭಾಗದ, ಅಂದರೆ ಟೆಸ್ಟ್ ಸೆಕ್ಷನ್ ಅಗಲ 600 ಮಿ.ಮೀ. ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್. ಇಷ್ಟೇ ಸಾಮಾನು.

ಹಳೆಯ ಉಪಕರಣಗಳೇ ಸಾಲುವುದಿಲ್ಲವೇ ಅಂತ ಮೊದಲು ಅನ್ನಿಸಿತ್ತು. ಪಿಟೋ ಟ್ಯೂಬ್ 1732ರಿಂದ ಇದೆ. ಮುಖಕ್ಕೆ ಬಡಿಯುವ ಗಾಳಿಯ ಒತ್ತಡದಿಂದ ವೇಗ ಲೆಕ್ಕ ಹಾಕುತ್ತದೆ. 20 ಮೀಟರ್ ವೇಗಕ್ಕೆ ಸುಮಾರು 240 ಪ್ಯಾಸ್ಕಲ್ ಬರಬೇಕು, ಬರುತ್ತದೆ. ನೇರವಾಗಿ ಹರಿಯುವ ಗಾಳಿಗೆ ಇದರಷ್ಟು ನಂಬಿಕಸ್ತ ಇನ್ನೊಂದಿಲ್ಲ. ಆದರೆ ಸುಳಿಯೊಳಗೆ ಅದು ಏನು ಹೇಳುತ್ತಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಹಾಟ್ ವೈರ್ ಚುರುಕು. ಸುಮಾರು 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿ, ಕರೆಂಟ್ ಹರಿಸಿ ಬಿಸಿ ಮಾಡಿರುತ್ತಾರೆ. ಗಾಳಿ ಅದನ್ನು ಎಷ್ಟು ತಣ್ಣಗಾಗಿಸುತ್ತದೆ ಅನ್ನೋದರಿಂದ ವೇಗ ತಿಳಿಯುತ್ತದೆ. ತೊಂದರೆ ಏನಂದರೆ, ಎದುರಿನಿಂದ ಬಂದರೂ ಹಿಂದಿನಿಂದ ಬಂದರೂ ತಂತಿ ತಣ್ಣಗಾಗುವುದು ಒಂದೇ ಥರ. ಮೈನಸ್ 3 ಮೀಟರ್ ವೇಗವನ್ನು ಪ್ಲಸ್ 3 ಅಂತಲೇ ತೋರಿಸುತ್ತದೆ. ಸಾಲದ್ದಕ್ಕೆ, ಆ ಜಾಗಕ್ಕೆ ಪ್ರೋಬ್ ತೂರಿಸಿದರೆ ಸುಳಿಯ ಸ್ವರೂಪವೇ ಬದಲಾಗಬಹುದು. ಹಾಗಾಗಿ ಲೇಸರ್.

ಲೇಸರ್ ಡಾಪ್ಲರ್ ವೆಲೋಸಿಮೀಟರಿಗೆ ಎಲ್ಲರೂ ಎಲ್‌ಡಿವಿ ಅಂತಾರೆ. ಇದರ ಹುಟ್ಟು 1964ರಲ್ಲಿ. ಯೇ ಮತ್ತು ಕಮಿನ್ಸ್ ಎಂಬಿಬ್ಬರು ಹೀಲಿಯಂ-ನಿಯಾನ್ ಲೇಸರ್ ಬಳಸಿ ಕೊಳವೆಯಲ್ಲಿ ಹರಿಯುವ ನೀರಿನ ವೇಗ ಅಳೆದರು. ನೀರಿಗೆ ಪಾಲಿಸ್ಟೈರೀನ್‌ನ ಸಣ್ಣ ಕಣಗಳನ್ನು ಬೆರೆಸಿದ್ದರು. ಈ ಬೆರೆಸುವ ವಿಷಯ ನೆನಪಿಟ್ಟುಕೊಳ್ಳಿ, ನನ್ನ ಅರ್ಧಕ್ಕಿಂತ ಜಾಸ್ತಿ ಸಮಯ ತಿಂದದ್ದು ಅದೇ.

ಕೆಲಸ ಮಾಡುವ ರೀತಿ ಹೀಗೆ. ಒಂದು ಲೇಸರ್ ಕಿರಣವನ್ನು ಎರಡು ಮಾಡಿ, ಲೆನ್ಸ್ ಮೂಲಕ ಒಂದೇ ಜಾಗದಲ್ಲಿ ಸೇರುವಂತೆ ಮಾಡುತ್ತಾರೆ. ಸೇರುವ ಕಡೆ ಬೆಳಕು, ಕತ್ತಲು, ಬೆಳಕು, ಕತ್ತಲು ಅಂತ ಪಟ್ಟೆಗಳಾಗುತ್ತವೆ. ಇವೇ ಫ್ರಿಂಜ್. ನಮ್ಮದರಲ್ಲಿ ಹಸಿರು ಲೇಸರ್, 532 ನ್ಯಾನೋಮೀಟರ್. ಲೆನ್ಸ್ ಬಳಿ ಎರಡು ಕಿರಣಗಳ ನಡುವೆ 60 ಮಿ.ಮೀ. ಅಂತರ, ಲೆನ್ಸಿನ ಫೋಕಲ್ ದೂರ 500 ಮಿ.ಮೀ. ಲೆಕ್ಕ ಹಾಕಿದರೆ ಎರಡು ಪಟ್ಟೆಗಳ ನಡುವೆ ಸುಮಾರು 4.4 ಮೈಕ್ರಾನ್. ಒಂದು ಕಣ ಈ ಪಟ್ಟೆಗಳನ್ನು ದಾಟಿ ಹೋಗುವಾಗ ಮಿಣುಕು ಮಿಣುಕು ಅಂತ ಬೆಳಕು ಚದುರಿಸುತ್ತದೆ. 20 ಮೀಟರ್ ವೇಗದ ಕಣ ಸೆಕೆಂಡಿಗೆ 45 ಲಕ್ಷ ಸಲದ ಲೆಕ್ಕದಲ್ಲಿ ಮಿಣುಕುತ್ತದೆ, ಅಂದರೆ 4.5 ಮೆಗಾಹರ್ಟ್ಸ್. ಆ ಮಿಣುಕಿನ ಆವರ್ತನವನ್ನು ಪಟ್ಟೆಯ ಅಂತರದಿಂದ ಗುಣಿಸಿದರೆ ವೇಗ. ಮುಗಿಯಿತು.

ಹಾಗಾದರೆ ದಿಕ್ಕು? ಹಿಂದಕ್ಕೆ ಹೋಗುವ ಕಣವೂ ಹಾಗೇ ಮಿಣುಕುತ್ತದಲ್ವಾ? ಇಲ್ಲಿ ಬರುತ್ತದೆ ಬ್ರಾಗ್ ಸೆಲ್. ಇದು ಒಂದು ಕಿರಣದ ಆವರ್ತನವನ್ನು 40 ಮೆಗಾಹರ್ಟ್ಸ್‌ನಷ್ಟು ಬದಲಿಸುತ್ತದೆ. ಆಗ ಪಟ್ಟೆಗಳೇ ಒಂದು ದಿಕ್ಕಿಗೆ ಓಡತೊಡಗುತ್ತವೆ. ನಿಂತ ಕಣ 40 ತೋರಿಸುತ್ತದೆ. ಮುಂದಕ್ಕೆ ಹೋಗುವ ಕಣದ್ದು 40ಕ್ಕಿಂತ ಜಾಸ್ತಿ, ಹಿಂದಕ್ಕೆ ಬರುವುದರದ್ದು ಕಡಿಮೆ. 5 ಮೀಟರ್ ವೇಗದಲ್ಲಿ ವಾಪಸ್ ಬರುವ ಕಣ 38.9ರ ಹತ್ತಿರ ಕಾಣಿಸುತ್ತದೆ. ಹಾಟ್ ವೈರ್ ಕೈಚೆಲ್ಲಿದ ಜಾಗದಲ್ಲಿ ಇದು ಸರಾಗವಾಗಿ ಕೆಲಸ ಮಾಡುತ್ತದೆ. ನನ್ನ ಪ್ರಕಾರ ಎಲ್‌ಡಿವಿಯ ನಿಜವಾದ ಜಾಣತನ ಇರುವುದು ಈ ಒಂದು ಬಿಡಿಭಾಗದಲ್ಲಿ.

ಇನ್ನೊಂದು ಅನುಕೂಲ, ಇದಕ್ಕೆ ಕ್ಯಾಲಿಬ್ರೇಷನ್ ಕಿರಿಕಿರಿ ಇಲ್ಲ. ಲೇಸರಿನ ತರಂಗಾಂತರ ಬದಲಾಗುವುದಿಲ್ಲ. ಎರಡು ಕಿರಣಗಳ ನಡುವಿನ ಕೋನ ಒಂದು ಗೊತ್ತಿದ್ದರೆ ಸಾಕು. ಅದನ್ನು ಅಳೆದದ್ದು ತೀರಾ ಸರಳವಾಗಿ. ಲೇಸರ್ ಕಿರಣಗಳನ್ನು ಬಿಡುವ ಭಾಗಕ್ಕೂ ಪ್ರೋಬ್ ಅಂತಲೇ ಹೆಸರು. ಅದನ್ನು ಟನಲ್ ಬಳಿಯಿಂದ ಈಚೆ ತಂದು, ಕಿರಣಗಳು ಸೇರುವ ಬಿಂದುವಿನಿಂದ 5 ಮೀಟರ್ ದೂರದ ಗೋಡೆಗೆ ಬಿಟ್ಟೆವು. ಅಲ್ಲಿ ಎರಡು ಹಸಿರು ಚುಕ್ಕೆಗಳ ನಡುವೆ 600 ಮಿ.ಮೀ. ಸ್ಕೇಲಿನಲ್ಲಿ 1 ಮಿ.ಮೀ. ಆಚೀಚೆ ಆದರೂ ವೇಗದಲ್ಲಿ ಆಗುವ ವ್ಯತ್ಯಾಸ ಶೇಕಡಾ 0.2ಕ್ಕಿಂತ ಕಡಿಮೆ. ಇಷ್ಟು ದುಬಾರಿ ಉಪಕರಣವನ್ನು ಒಂದು ಸ್ಟೀಲ್ ಟೇಪ್ ಹಿಡಿದು ಪರೀಕ್ಷಿಸಬಹುದು ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ಕಿರಣಗಳು ನಿಜವಾಗಿಯೂ ಒಂದೇ ಜಾಗದಲ್ಲಿ ಸೇರುತ್ತಿವೆಯೇ ಅನ್ನೋದು ಮಾತ್ರ ಕಣ್ಣಳತೆಗೆ ಸಿಗುವುದಿಲ್ಲ. ಸೇರುವ ಜಾಗದ ದಪ್ಪ ಸುಮಾರು 0.15 ಮಿ.ಮೀ., ಉದ್ದ 2.5 ಮಿ.ಮೀ. ಅದಕ್ಕೆ ಮೈಕ್ರೋಸ್ಕೋಪಿನ ಲೆನ್ಸ್ ಒಂದನ್ನು ಸೇರುವ ಬಿಂದುವಿನ ಮುಂದೆ ಇಟ್ಟು, ಅದರ ದೊಡ್ಡ ಬಿಂಬವನ್ನು ಗೋಡೆ ಮೇಲೆ ನೋಡುತ್ತಾರೆ. ಲೇಸರ್ ಪವರ್ ಪೂರ್ತಿ ಇಳಿಸಿದ್ದೆವು. ಗೋಡೆ ಮೇಲೆ ಎರಡು ಹಸಿರು ವೃತ್ತಗಳು, ಅರ್ಧ ಒಂದರ ಮೇಲೊಂದು. ಪ್ರೋಬ್ ಬದಿಯ ಪುಟ್ಟ ಸ್ಕ್ರೂವನ್ನು ಅಲೆನ್ ಕೀಲಿಯಿಂದ ಕೂದಲೆಳೆಯಷ್ಟು ತಿರುಗಿಸಿದರೆ ಒಂದು ವೃತ್ತ ಪಕ್ಕಕ್ಕೆ ಜಾರುತ್ತದೆ. ಕೀಲಿ ತೆಗೆದ ತಕ್ಷಣ ಸ್ವಲ್ಪ ವಾಪಸ್ ಬರುತ್ತದೆ. ಹಾಗಾಗಿ ವಾಪಸ್ ಬರುವಷ್ಟನ್ನೂ ಲೆಕ್ಕ ಹಿಡಿದು ಮುಂದೆ ತಿರುಗಿಸಬೇಕು. ಕಾರ್ಡ್ ಹಿಡಿದು ಒಂದು ಕಿರಣ ಅಡ್ಡಗಟ್ಟಿ, ಬಿಟ್ಟು, ಮತ್ತೆ ಅಡ್ಡಗಟ್ಟಿ ನೋಡಬೇಕು. ವೃತ್ತ ಜಾಗ ಬದಲಿಸದೆ ಬರೀ ಮಂಕಾಗಿ, ಮತ್ತೆ ಹೊಳೆದರೆ ಸರಿಯಾಯಿತು ಅಂತ ಅರ್ಥ.

ಸುರಕ್ಷತೆ ಬಗ್ಗೆ ಎರಡೇ ಮಾತು. 500 ಮಿಲಿವಾಟ್ ದಾಟಿದ ನಿರಂತರ ಲೇಸರ್ 4ನೇ ವರ್ಗಕ್ಕೆ ಸೇರುತ್ತದೆ, ಅದರ ಕೆಳಗಿರುವುದೂ ಆಟಿಕೆಯಲ್ಲ. ವಾಚು, ಉಂಗುರ, ಬಳೆ ಎಲ್ಲಾ ಬಿಚ್ಚಿಟ್ಟೇ ಒಳಗೆ ಹೋಗುವುದು. ಹೊಳೆಯುವುದು ಯಾವುದಾದರೂ ಸರಿ, ಕಿರಣವನ್ನು ಯಾರ ಕಣ್ಣಿಗಾದರೂ ತಿರುಗಿಸಬಲ್ಲದು. ಹಸಿರನ್ನು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿದರೆ ಕಿರಣವೇ ಕಾಣುವುದಿಲ್ಲ ಅಂತ ಕೆಲವರು ಗೊಣಗುತ್ತಾರೆ. ಕಾಣದಿದ್ದರೇ ಕನ್ನಡಕ ಕೆಲಸ ಮಾಡುತ್ತಿದೆ ಅಂತ ತಾನೇ?

ಇನ್ನು ಅಸಲಿ ಕಥೆ. ಲೇಸರ್ ಸಿದ್ಧ, ಟನಲ್ ಸಿದ್ಧ, ಫ್ಯಾನ್ ಓಡುತ್ತಿದೆ. ಕಂಪ್ಯೂಟರ್ ಪರದೆಯಲ್ಲಿ ಮಾತ್ರ ಏನೂ ಇಲ್ಲ. ಅಪರೂಪಕ್ಕೊಮ್ಮೆ ಒಂದು ಬರ್ಸ್ಟ್, ಅಂದರೆ ಒಂದು ಕಣದ ಮಿಣುಕಿನ ಸಿಗ್ನಲ್ ಬರುತ್ತದೆ, ಮತ್ತೆ ಸುಮ್ನೆ. ಬೆಳಕಿಂಡಿಯಿಂದ ಬೀಳುವ ಬಿಸಿಲುಕೋಲು ಒಳಗಿನ ಧೂಳಿನಿಂದಾಗಿ ಕಾಣುತ್ತದೆಯೇ ಹೊರತು ಗಾಳಿಯಿಂದಲ್ಲ. ಲೇಸರಿನದ್ದೂ ಅದೇ ಪಾಡು. ಅದು ನೋಡುವುದು ಗಾಳಿಯಲ್ಲಿ ತೇಲುವ ಕಣವನ್ನು. ಕಣ ಗಾಳಿಯ ಜೊತೆಗೇ ಹೋಗುತ್ತಿದೆ ಅಂತ ನಾವು ನಂಬಿಕೊಂಡು ಅದರ ವೇಗವನ್ನೇ ಗಾಳಿಯ ವೇಗ ಅಂತ ಬರೆದುಕೊಳ್ಳುತ್ತೇವೆ. ಆ ನಂಬಿಕೆ ಎಲ್ಲಿಯವರೆಗೆ ಸರಿ ಅನ್ನೋದರ ಮೇಲೆ ಇಡೀ ಅಳತೆ ನಿಂತಿದೆ.

ಟನಲ್ ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್ ಒಬ್ಬರು ಇದನ್ನೆಲ್ಲಾ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ನೋಡಮ್ಮ, ಲೇಸರ್ ಯಾರು ಬೇಕಾದ್ರೂ ಆನ್ ಮಾಡ್ತಾರೆ. ಹೊಗೆ ಸರಿ ಮಾಡ್ಕೋ ಮೊದ್ಲು" ಅಂದರು. ಗಾಳಿಗೆ ಕಣ ಬೆರೆಸುವುದಕ್ಕೆ ನಾವು ಸೀಡಿಂಗ್ ಅಂತೀವಿ. ಅವರು ಕೊನೆಯವರೆಗೂ ಅದನ್ನು ಹೊಗೆ ಅಂತಲೇ ಕರೆದರು.

ಕಾರ್ಯಕ್ರಮಗಳಲ್ಲಿ ಬಳಸುವಂಥ ಫಾಗ್ ಮಷಿನ್ ಒಂದು ಲ್ಯಾಬ್‌ನಲ್ಲಿತ್ತು. ಗ್ಲೈಕಾಲ್ ಮತ್ತು ನೀರಿನ ಮಿಶ್ರಣ. ದಟ್ಟವಾಗಿ ಬರುತ್ತದೆ, ಆದರೆ ಬೇಗ ಆವಿಯಾಗುತ್ತದೆ. ಸುತ್ತು ಹಾಕುವ ಟನಲ್‌ನಲ್ಲಿ ಒಂದೆರಡು ನಿಮಿಷಕ್ಕೆ ಕಣದ ಗಾತ್ರವೂ ಬದಲು, ಸಂಖ್ಯೆಯೂ ಬದಲು. "ಅದು ಫೋಟೋಗೆ ಚೆಂದ ಅಷ್ಟೆ" ಅಂತ ಅವರೇ ಬದಿಗಿಟ್ಟರು. ಬದಲಿಗೆ ತಂದದ್ದು ಡಿಇಎಚ್‌ಎಸ್ ಎಂಬ ಎಣ್ಣೆ. ಬಣ್ಣ ಇಲ್ಲ, ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಇದನ್ನು ಲಾಸ್ಕಿನ್ ನಾಝಲ್ ಇರುವ ಡಬ್ಬಿಗೆ ಹಾಕಿ ಕಂಪ್ರೆಸರ್ ಗಾಳಿ ಬಿಡಬೇಕು. ಎಣ್ಣೆಯಲ್ಲಿ ಮುಳುಗಿದ ಕೊಳವೆಯ ಸಣ್ಣ ತೂತುಗಳಿಂದ ಗಾಳಿ ರಭಸವಾಗಿ ಹೊರಬರುತ್ತದೆ, ಗುಳ್ಳೆಗಳ ಜೊತೆ ಎಣ್ಣೆ ಸೀಳಿ ಸಣ್ಣ ಹನಿಗಳಾಗುತ್ತದೆ. ದೊಡ್ಡ ಹನಿಗಳು ಮೇಲಿರುವ ತಟ್ಟೆಗೆ ಬಡಿದು ಕೆಳಗೆ ಬೀಳುತ್ತವೆ. ಸುಮಾರು 1 ಮೈಕ್ರಾನ್ ಗಾತ್ರದವು ಮಾತ್ರ ಹೊರಗೆ ಬರುತ್ತವೆ.

1 ಮೈಕ್ರಾನ್ ಯಾಕೆ, 10 ಯಾಕಲ್ಲ? ದೊಡ್ಡ ಹನಿ ಜಾಸ್ತಿ ಬೆಳಕು ಚದುರಿಸುತ್ತದೆ, ಕೆಲಸ ಸುಲಭ ಅಲ್ವಾ? ಗಾಳಿಯ ವೇಗ ತಟ್ಟನೆ ಬದಲಾದರೆ ಹನಿ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. 1 ಮೈಕ್ರಾನ್ ಎಣ್ಣೆ ಹನಿಗೆ ಅದು ಸುಮಾರು 3 ಮೈಕ್ರೋಸೆಕೆಂಡ್. ಈ ಸಮಯ ಗಾತ್ರದ ವರ್ಗದಂತೆ ಬೆಳೆಯುತ್ತದೆ. ಅಂದರೆ 10 ಮೈಕ್ರಾನ್ ಹನಿಗೆ ಅದರ ನೂರು ಪಟ್ಟು. ಸುಳಿಯ ಅಂಚಿನಲ್ಲಿ ಗಾಳಿ ಗಕ್ಕನೆ ತಿರುಗುವಾಗ ದಪ್ಪ ಹನಿ ಸ್ವಲ್ಪ ದೂರ ನೇರ ಹೋಗಿಬಿಡುತ್ತದೆ. ಇನ್ನೂ ಕೆಟ್ಟದ್ದು, ಬೆಳಕು ಜಾಸ್ತಿ ಚದುರಿಸುವುದೂ ಅದೇ. ಸಣ್ಣ ದೊಡ್ಡ ಎರಡೂ ಬೆರೆತಿದ್ದರೆ ಡಿಟೆಕ್ಟರಿಗೆ ಸೋಮಾರಿಗಳ ದನಿಯೇ ಜೋರಾಗಿ ಕೇಳುತ್ತದೆ.

ಎಲ್ಲಿಂದ ಬಿಡಬೇಕು ಅನ್ನೋದು ಇನ್ನೊಂದು ತಲೆನೋವು. ಮಾಡೆಲ್‌ನ ಮುಂದೆಯೇ ಕೊಳವೆ ಹಿಡಿದರೆ ಆ ಕೊಳವೆಯ ಸುಳಿಯೂ ಸೇರಿಕೊಳ್ಳುತ್ತದೆ. ನಮ್ಮ ಟನಲ್ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವಂಥದ್ದು. ಹಾಗಾಗಿ ಟೆಸ್ಟ್ ಸೆಕ್ಷನ್ ದಾಟಿದ ಮೇಲೆ, ಫ್ಯಾನಿಗೆ ಮುಂಚೆ ಎಣ್ಣೆ ಹೊಗೆ ಬಿಟ್ಟೆವು. ಫ್ಯಾನು, ತಿರುವುಗಳು, ಜಾಲರಿಗಳು ಎಲ್ಲವನ್ನೂ ದಾಟಿ ಬರುವಷ್ಟರಲ್ಲಿ ಸಮನಾಗಿ ಬೆರೆತಿರುತ್ತದೆ. ಟಾರ್ಚ್ ಹಿಡಿದು ಕಿಟಕಿಯಿಂದ ನೋಡಿದರೆ ತೆಳುವಾದ ಮಂಜು. ಆಗ ನೋಡಿ, ಪರದೆಯಲ್ಲಿ ಬರ್ಸ್ಟ್‌ಗಳು ಧೋ ಅಂತ ಸುರಿಯತೊಡಗಿದವು. ಒಂದೊಂದು ಬರ್ಸ್ಟ್ ಕೂಡ ನೋಡಲು ಚೆಂದ: ಎರಡೂ ತುದಿಯಲ್ಲಿ ಸಣ್ಣಗೆ, ನಡುವೆ ಉಬ್ಬಿ, ಒಳಗೆ ಒತ್ತೊತ್ತಾಗಿ ಅಲೆಗಳು. ಒಂದು ಎಣ್ಣೆ ಹನಿ ಹಾದುಹೋದದ್ದರ ರುಜು ಅದು.

ಮೊದಲು ಸಿಲಿಂಡರ್ ತೆಗೆದು ಖಾಲಿ ಟನಲ್‌ನಲ್ಲಿ ಪಿಟೋ ಜೊತೆ ತಾಳೆ ನೋಡಿದೆವು. ಎರಡೂ ಒಪ್ಪಿದವು. ಅದಿಲ್ಲದೆ ಮುಂದೆ ಹೋಗಬಾರದು.

ಸಿಲಿಂಡರ್ ಮತ್ತೆ ಇಟ್ಟ ಮೇಲೆ ಬೇರೆಯದೇ ತೊಡಕು. ಕಿರಣಗಳು ಪಕ್ಕದ ಕಿಟಕಿಯಿಂದ, ಸಿಲಿಂಡರಿನ ಉದ್ದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಒಳಗೆ ಬರುತ್ತವೆ. ಇದು ಬೇಕೆಂದೇ ಮಾಡಿದ್ದು. ಅಳೆಯುವ ಜಾಗದ 2.5 ಮಿ.ಮೀ. ಉದ್ದ ಸಿಲಿಂಡರಿನ ಉದ್ದದ ದಿಕ್ಕಿಗೇ ಬಿದ್ದರೆ ತೊಂದರೆ ಕಡಿಮೆ, ಆ ದಿಕ್ಕಿನಲ್ಲಿ ಸರಾಸರಿ ಹರಿವು ಹೆಚ್ಚು ಬದಲಾಗುವುದಿಲ್ಲ. ಆದರೆ ಕಿರಣಗಳು ಎರಡೂ ಬದಿಯಿಂದ ಓರೆಯಾಗಿ ಬಂದು ನಡುವೆ ಸೇರುತ್ತವೆ. ಟನಲ್‌ನ ನಡುಮಧ್ಯದ ಬಿಂದು ಕಿಟಕಿಯಿಂದ 300 ಮಿ.ಮೀ. ದೂರ. ಅಷ್ಟು ದೂರಕ್ಕೆ ಮುಂದಿನ, ಅಂದರೆ ಸಿಲಿಂಡರಿನ ಕಡೆಯ ಕಿರಣ ಸುಮಾರು 18 ಮಿ.ಮೀ. ಓರೆಯಾಗಿರುತ್ತದೆ. ಅಂದರೆ ಸಿಲಿಂಡರಿಗೆ 18 ಮಿ.ಮೀ.ಗಿಂತ ಹತ್ತಿರ ಹೋದರೆ ಆ ಕಿರಣ ದಾರಿಯಲ್ಲೇ ಸಿಲಿಂಡರಿಗೆ ಬಡಿಯುತ್ತದೆ. ನಮಗೆ ಬೇಕಾದದ್ದೇ ಆ ಜಾಗ!

ಪರಿಹಾರ ಸಣ್ಣದು. ಇಡೀ ಪ್ರೋಬನ್ನು ಸುಮಾರು ಮೂರೂವರೆ ಡಿಗ್ರಿ ತಿರುಗಿಸಿ ಕೂರಿಸಿದರೆ ಮುಂದಿನ ಕಿರಣ ಸಿಲಿಂಡರಿಗೆ ನೇರ ಸಮಾನಾಂತರವಾಗುತ್ತದೆ, ಎಲ್ಲಿಯೂ ಬಡಿಯುವುದಿಲ್ಲ. ಅಳೆಯುವ ದಿಕ್ಕು ಸ್ವಲ್ಪ ವಾರೆಯಾಗುತ್ತದೆ ನಿಜ, ಆದರೆ ಸರಾಸರಿ ವೇಗಕ್ಕೆ ಅದರಿಂದಾಗುವ ವ್ಯತ್ಯಾಸ ಶೇಕಡಾ 0.2ರಷ್ಟು. ಜೊತೆಗೆ ಕಿಟಕಿಯ 10 ಮಿ.ಮೀ. ಗಾಜು ಸೇರುವ ಬಿಂದುವನ್ನು ಸುಮಾರು 3 ಮಿ.ಮೀ. ಆಚೆ ತಳ್ಳುತ್ತದೆ, ಅದನ್ನೂ ಪ್ರೋಬನ್ನು ಬಿಂದುವಿನಿಂದ ಬಿಂದುವಿಗೆ ಸರಿಸುವ ಟ್ರಾವರ್ಸ್‌ನ ಲೆಕ್ಕಕ್ಕೆ ಸೇರಿಸಬೇಕು.

ಒಂದೊಂದು ಬಿಂದುವಿನಲ್ಲೂ ಸಾವಿರಾರು ಬರ್ಸ್ಟ್ ಸಂಗ್ರಹಿಸಿ ಮುಂದಿನ ಬಿಂದುವಿಗೆ ಹೋಗುವುದು. ಬೇಜಾರಿನ ಕೆಲಸ. ಸರಾಸರಿ ತೆಗೆಯುವಾಗ ಮಾತ್ರ ಹುಷಾರಾಗಿರಬೇಕು. ಗಾಳಿ ಜೋರಾಗಿ ಬೀಸುವ ಕ್ಷಣದಲ್ಲಿ ಆ ಜಾಗದ ಮೂಲಕ ಜಾಸ್ತಿ ಕಣ ಹಾದುಹೋಗುತ್ತವೆ, ನಿಧಾನವಾದಾಗ ಕಡಿಮೆ. ಹಾಗಾಗಿ ಎಲ್ಲವನ್ನೂ ಕೂಡಿ ಭಾಗಿಸಿದರೆ ವೇಗದ ಕಣಗಳ ಮತ ಜಾಸ್ತಿ ಆಗಿಬಿಡುತ್ತದೆ. 1973ರಲ್ಲಿ ಮೆಕ್‌ಲಾಫ್ಲಿನ್ ಮತ್ತು ಟೀಡರ್‌ಮನ್ ಇದನ್ನು ಎತ್ತಿ ತೋರಿಸಿದ್ದರು. ಪ್ರತಿ ಕಣವೂ ಪಟ್ಟೆಗಳೊಳಗೆ ಎಷ್ಟು ಹೊತ್ತು ಇತ್ತೋ ಅಷ್ಟು ತೂಕ ಕೊಟ್ಟರೆ ಇದು ಸರಿಹೋಗುತ್ತದೆ. ಖಾಲಿ ಟನಲ್‌ನಲ್ಲಿ ತೂಕ ಕೊಟ್ಟರೂ ಬಿಟ್ಟರೂ ಉತ್ತರ ಒಂದೇ. ಸಿಲಿಂಡರಿನ ಹಿಂದೆ ಎರಡಕ್ಕೂ ಕಣ್ಣಿಗೆ ಕಾಣುವಷ್ಟು ಅಂತರ.

ಎಲ್‌ಡಿವಿ ಕೊಡುವುದು ಒಂದು ಬಿಂದುವಿನ ಕಥೆ. ಇಡೀ ಸುಳಿಯ ಚಿತ್ರ ಬೇಕೆಂದರೆ ಪಿಐವಿ, ಅಂದರೆ ಪಾರ್ಟಿಕಲ್ ಇಮೇಜ್ ವೆಲೋಸಿಮೆಟ್ರಿ ಬೇಕು. ಇದರಲ್ಲಿ ಲೇಸರನ್ನು 1 ಮಿ.ಮೀ. ದಪ್ಪದ ಹಾಳೆಯಂತೆ ಹರಡಿ, ಕಣಗಳ ಎರಡು ಫೋಟೋ ಬೆನ್ನುಬೆನ್ನಿಗೆ ತೆಗೆಯುತ್ತಾರೆ. ಕಣಗಳು ಎಷ್ಟು ಸರಿದಿವೆ ಅನ್ನೋದನ್ನು ಕಂಪ್ಯೂಟರ್ ಹುಡುಕುತ್ತದೆ. ಇಲ್ಲಿನ ಲೇಸರ್ ಬೇರೆ ಜಾತಿ. ಒಂದು ಪಲ್ಸ್ 200 ಮಿಲಿಜೂಲ್, ಅದೂ ಸುಮಾರು 6 ನ್ಯಾನೋಸೆಕೆಂಡಿನಲ್ಲಿ. ಆ ಕ್ಷಣದ ಮಟ್ಟಿಗೆ ಮೂರು ಕೋಟಿ ವಾಟ್‌ಗೂ ಜಾಸ್ತಿ. ಟನಲ್ ಸುತ್ತ ಕಪ್ಪು ಪರದೆ, ಬಾಗಿಲು ತೆರೆದರೆ ತಾನೇ ಆಫ್ ಆಗುವ ಇಂಟರ್‌ಲಾಕ್.

ಎರಡು ಪಲ್ಸ್ ನಡುವೆ ಎಷ್ಟು ಸಮಯ ಬಿಡಬೇಕು? ನಮ್ಮ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 0.1 ಮಿ.ಮೀ. ಫೋಟೋವನ್ನು 32 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ನೋಡುವುದು. ಕಣಗಳು ಚೌಕದ ಕಾಲುಭಾಗಕ್ಕಿಂತ ಜಾಸ್ತಿ ಸರಿಯಬಾರದು ಅನ್ನೋದು ರೂಢಿಯ ಲೆಕ್ಕ. ಅಂದರೆ 8 ಪಿಕ್ಸೆಲ್, 0.8 ಮಿ.ಮೀ. 20 ಮೀಟರ್ ವೇಗಕ್ಕೆ 40 ಮೈಕ್ರೋಸೆಕೆಂಡ್. ಆದರೆ ಸಿಲಿಂಡರಿನ ಪಕ್ಕದಲ್ಲಿ ಗಾಳಿ 20ಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ಇನ್ನೂ ಇಳಿಸಬೇಕಾಯಿತು.

ಮೊದಲ ಚಿತ್ರಗಳಲ್ಲಿ ಸಿಲಿಂಡರ್ ಸುತ್ತ ಬರೀ ಬಿಳಿ. ಲೋಹದಿಂದ ಬರುವ ಪ್ರತಿಫಲನ ಕಣಗಳನ್ನೆಲ್ಲಾ ನುಂಗಿಹಾಕಿತ್ತು. ಮ್ಯಾಟ್ ಕಪ್ಪು ಬಣ್ಣ ಬಳಿದರೆ ಸ್ವಲ್ಪ ಕಡಿಮೆಯಾಗುತ್ತದೆ. ರೋಡಮೈನ್ ಬೆರೆಸಿದ ಬಣ್ಣ ಅದಕ್ಕಿಂತ ಒಳ್ಳೆಯದು. ಅದು ಹಸಿರನ್ನು ಹೀರಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಕ್ಯಾಮೆರಾ ಮುಂದೆ 532 ನ್ಯಾನೋಮೀಟರನ್ನು ಮಾತ್ರ ಬಿಡುವ ಫಿಲ್ಟರ್ ಇದ್ದರೆ ಆ ಕಿತ್ತಳೆ ಒಳಗೆ ಬರುವುದೇ ಇಲ್ಲ.

ಚಿತ್ರ ಚೆನ್ನಾಗಿ ಬಂತು ಅಂದುಕೊಳ್ಳುವಾಗ ಹಿಸ್ಟೋಗ್ರಾಮ್, ಅಂದರೆ ಯಾವ ಅಳತೆ ಎಷ್ಟು ಸಲ ಬಂದಿದೆ ಅಂತ ತೋರಿಸುವ ಗ್ರಾಫ್ ನೋಡಬೇಕು ಅಂತ ಪ್ರೊಫೆಸರ್ ಹೇಳಿದರು. ನೋಡಿದರೆ, ಸರಿದ ದೂರಗಳೆಲ್ಲಾ 3, 4, 5 ಪಿಕ್ಸೆಲ್‌ಗಳ ಬಳಿ ಗುಂಪುಗಟ್ಟಿವೆ, ನಡುವೆ ತಗ್ಗು. ಗಾಳಿಗೆ ಪೂರ್ಣಾಂಕದ ಮೇಲೆ ಪ್ರೀತಿ ಇರಲು ಸಾಧ್ಯವಿಲ್ಲ. ಇದಕ್ಕೆ ಪೀಕ್ ಲಾಕಿಂಗ್ ಅಂತಾರೆ. ಕಣದ ಬಿಂಬ ಒಂದು ಪಿಕ್ಸೆಲ್‌ಗಿಂತ ಚಿಕ್ಕದಾದಾಗ, ಅದು ಪಿಕ್ಸೆಲ್ ಒಳಗೆ ಎಲ್ಲಿದೆ ಅಂತ ಲೆಕ್ಕಕ್ಕೆ ಸಿಗುವುದಿಲ್ಲ. ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್/2.8ರಿಂದ ಎಫ್/8ಕ್ಕೆ ಕಿರಿದು ಮಾಡಿದರೆ ಬಿಂಬ ದೊಡ್ಡದಾಗುತ್ತದೆ, ಆದರೆ ಬೆಳಕು ಎಂಟರಲ್ಲಿ ಒಂದು ಪಾಲು ಮಾತ್ರ. ನಮಗೆ ಅಷ್ಟು ಬೆಳಕಿನ ಅನುಕೂಲ ಇರಲಿಲ್ಲ. ಫೋಕಸನ್ನೇ ಸ್ವಲ್ಪ ಕೆಡಿಸಿದೆವು, ಬಿಂಬ ಎರಡು ಪಿಕ್ಸೆಲ್ ಆಗುವಷ್ಟು. ತಗ್ಗುಗಳು ತುಂಬಿಕೊಂಡವು. ಕಣ್ಣಿಗೆ ಚೂಪಾಗಿ ಕಾಣುವ ಚಿತ್ರವೇ ಅಳತೆಗೆ ಕೆಟ್ಟದ್ದು ಅಂತ ಒಪ್ಪಿಕೊಳ್ಳಲು ಮನಸ್ಸಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಇನ್ನೊಂದು ಮಿತಿ ಇತ್ತು. ಸುಳಿ ಕಳಚುವ ಆವರ್ತನವನ್ನು ವ್ಯಾಸದಿಂದ ಗುಣಿಸಿ ಗಾಳಿಯ ವೇಗದಿಂದ ಭಾಗಿಸಿದರೆ ಸಿಗುವುದು ಸ್ಟ್ರೂಹಾಲ್ ಸಂಖ್ಯೆ. ಈ ಗಾತ್ರದ ಸಿಲಿಂಡರಿಗೆ ಅದನ್ನು 0.2 ಅಂತ ಹಿಡಿದರೆ ಸುಳಿಗಳು ಸೆಕೆಂಡಿಗೆ ಸುಮಾರು 200 ಸಲ ಕಳಚಿಕೊಳ್ಳಬೇಕು. ನಮ್ಮ ಪಿಐವಿ ಸೆಕೆಂಡಿಗೆ 15 ಜೋಡಿ ಫೋಟೋ ತೆಗೆಯುತ್ತದೆ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಹದಿಮೂರು ಸುತ್ತು ಮುಗಿದಿರುತ್ತವೆ. ಸುಳಿಯ ಆಕಾರ ಕಾಣುತ್ತದೆ, ಲಯ ಕಾಣುವುದಿಲ್ಲ. ಲಯ ಸಿಕ್ಕಿದ್ದು ಎಲ್‌ಡಿವಿಯಲ್ಲಿ. ಸಿಲಿಂಡರಿನ ಹಿಂದೆ, ಸ್ವಲ್ಪ ಮೇಲಕ್ಕೆ ಒಂದು ಬಿಂದು ಹಿಡಿದು ಕೂತಾಗ, ಯಾವ ಆವರ್ತನದ ಏರಿಳಿತ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ 200ರ ಹತ್ತಿರ ಒಂದೇ ಒಂದು ಎತ್ತರದ ಶಿಖರ. ಎರಡು ಉಪಕರಣದಲ್ಲಿ ಯಾವುದು ಮೇಲು ಅಂತ ಕೇಳುವವರಿಗೆ ನಾನು ಈ ಶಿಖರ ತೋರಿಸುತ್ತೇನೆ, ಪಕ್ಕದಲ್ಲೇ ಪಿಐವಿಯ ಸುಳಿ ಚಿತ್ರ.

ಎರಡರ ಸರಾಸರಿ ವೇಗವನ್ನು ಒಂದೇ ಗ್ರಾಫಿನಲ್ಲಿ ಹಾಕಿದೆವು. ಹೊರಗಿನ ಹರಿವಿನಲ್ಲಿ ಗೆರೆ ಮತ್ತು ಚುಕ್ಕೆ ಒಂದರ ಮೇಲೊಂದು ಕೂತವು. ಸೊನ್ನೆ ದಾಟಿ ಮೈನಸ್‌ಗೆ ಇಳಿಯುವ ಜಾಗವೂ ಹೊಂದಿತು. ವೇಗ ಕಡಿದಾಗಿ ಬದಲಾಗುವ ತೆಳು ಪದರದಲ್ಲಿ ಮಾತ್ರ ಪಿಐವಿಯ ಗೆರೆ ಸ್ವಲ್ಪ ಮೊಂಡು. 32 ಪಿಕ್ಸೆಲ್ ಚೌಕ ಅಂದರೆ 3 ಮಿ.ಮೀ.ಗೂ ಮಿಗಿಲು, ಆ ಪದರ ಅದಕ್ಕಿಂತ ತೆಳು. ಚೌಕ ಚಿಕ್ಕದು ಮಾಡಿದರೆ ಒಳಗೆ ಕಣ ಸಾಲದು, ಕಣ ಜಾಸ್ತಿ ಮಾಡಿದರೆ ಗಾಜಿನ ಮೇಲೆ ಎಣ್ಣೆ ಕೂತು ಚಿತ್ರ ಮಂಕು. ಟೆಕ್ನಿಷಿಯನ್‌ಗೆ ಇದನ್ನು ಹೇಳಿದಾಗ "ಹೊಗೆ ಇನ್ನೂ ಜಾಸ್ತಿ ಬೇಕಾ? ಹಾಗಾದ್ರೆ ಗ್ಲಾಸ್ ನೀನೇ ಒರೆಸ್ಬೇಕು ನೋಡು" ಅಂದರು. ಆ ಪದರಕ್ಕೆ ಎಲ್‌ಡಿವಿ ಅಂಕಿಗಳನ್ನೇ ಇಟ್ಟುಕೊಂಡೆವು. ಮೇಲ್ಮೈಗೆ 1 ಮಿ.ಮೀ.ಗಿಂತ ಹತ್ತಿರದ ಬಿಂದುಗಳಲ್ಲಿ ಪ್ರತಿಫಲನವೇ ಜಾಸ್ತಿ, ಕಣದ ಸದ್ದು ಕಡಿಮೆ. ಅವನ್ನು ಗ್ರಾಫಿನಿಂದ ತೆಗೆದು, ಯಾಕೆ ತೆಗೆದಿದ್ದೇವೆ ಅಂತ ಕೆಳಗೆ ಬರೆದೆವು.